ಹೊಸ್ತಿಲಿಗೆ ತಂದ ಪರದೆ

ರಂಗಂಪೇಟೆಯ ಚಂದ್ರಕಲಾಳ ಮುತ್ತಜ್ಜ ದ್ಯಾವಪ್ಪ ನೇಕಾರರ ನೂಲಿಗೆ ಬಣ್ಣ ಹಾಕುತ್ತಿದ್ದವನು. ಅವನ ಕೈಯ ಕೆಂಪು, ಸೀರೆ ಹರಿದು ಚಿಂದಿಯಾದರೂ ಬಿಡುತ್ತಿರಲಿಲ್ಲ. ಅವನ ಮಗ ಬಸವಣ್ಣ ಇನ್ನೂ ಹಟಮಾರಿ. ಒಮ್ಮೆ ಮದುವೆ ಸೀರೆಗಳ ನೂಲು ಅದ್ದಿ ತೆಗೆದಾಗ ಕೆಂಪು ಕೂದಲೆಳೆಯಷ್ಟು ಹಳದಿಗೆ ಜಾರಿತ್ತು. ಸಾವುಕಾರ, “ನಡೀತೈತಿ ಬಿಡೋ, ಯಾರ ನೋಡ್ತಾರ?” ಅಂದ. “ನಾ ನೋಡೀನಲ್ಲ” ಎಂದು ಬಸವಣ್ಣ ಹಂಡೆಯ ಬಣ್ಣವನ್ನೆಲ್ಲ ಮೋರಿಗೆ ಸುರಿದ. ಅವನ ಹೆಂಡತಿ ಮಲಕಮ್ಮ ಬಣ್ಣವನ್ನು ಮನೆಯೊಳಗೆ ಎಂದೂ ನೋಡಿದವಳಲ್ಲ. ನೂಲನ್ನು ಹೊಸ್ತಿಲಿಗೆ ತಂದು ಹಗಲ ಬೆಳಕಿಗೆ ಹಿಡಿಯಬೇಕು, ಆಮೇಲೆಯೇ ಮಾತು.

ಆ ಮನೆತನದ ಕಣ್ಣು ಚಂದ್ರಕಲಾಳಿಗೆ ಬಂತು, ಕಸುಬು ಬರಲಿಲ್ಲ. ಅವಳು ಶಹಾಪುರದ ಕಾಲೇಜೊಂದರಲ್ಲಿ ಗುಮಾಸ್ತೆ. ರಜೆ ಬಂದರೆ ಹಳೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹತ್ತಿಕುಣಿ ಕೆರೆಯ ದಂಡೆಗೋ, ಕಕ್ಕೇರಾದ ಸಂತೆಗೋ ಹೊರಡುವಳು. ಫೋಟೋ ತೆಗೆಯುವುದನ್ನು ಯಾರಿಂದಲೂ ಕಲಿತದ್ದಲ್ಲ.

ಅವಳ ತಾಯಿ ಲಾಲಮ್ಮ ಹೋದ ವರುಷ ತೀರಿಕೊಂಡಳು. ಲಾಲಮ್ಮ ಕಪ್ಪು ಹೆಂಗಸು, ಮಳೆ ಬಿದ್ದ ಎರೆಹೊಲದಂಥ ಕಪ್ಪು. ಓಣಿಯಲ್ಲಿ ಸ್ಟುಡಿಯೋ ಇಟ್ಟಿದ್ದ ದೇವಿಂದ್ರ ಗೋಡೆಗೆ ಹಾಕಲು ಒಂದು ಪಟ ಮಾಡಿಕೊಟ್ಟ. ಮಾಡಿಕೊಟ್ಟದ್ದೇನು, ಮುದುಕಿಯನ್ನು ಸುಣ್ಣದ ಗಡಿಗೆಯಲ್ಲಿ ಮುಳುಗಿಸಿ ಎತ್ತಿದ್ದ. ತುಟಿಗೆ ರಂಗು, ಗಲ್ಲಕ್ಕೆ ಮಿಂಚು, ಬೆನ್ನ ಹಿಂದೆ ಯಾವ ದೇಶದ್ದೋ ಜಲಪಾತ. ಬಂದವರೆಲ್ಲ ಚಂದ ಆಗೈತಿ ಅಂದರು. ಚಂದ್ರಕಲಾ ಮಾತ್ರ ಉಣ್ಣುವಾಗ ಅದಕ್ಕೆ ಬೆನ್ನು ಮಾಡಿ ಕೂಡುತ್ತಿದ್ದಳು. ಅವ್ವನ ಸೀರೆ ಉಟ್ಟು ಬೇರೆ ಯಾರೋ ಬಂದು ಮನೆಯಲ್ಲಿ ಕುಂತಂತೆ ಹೇಸಿಗೆ.

ಅವಳೇ ತೆಗೆದ ಫೋಟೋ ಒಂದಿತ್ತು. ಅವ್ವ ರಂಗಂಪೇಟೆಯ ಕೈಮಗ್ಗದ ಕೆಂಪು ಸೀರೆ ಉಟ್ಟು ಬಾಗಿಲಲ್ಲಿ ಕುಳಿತದ್ದು. ಅವ್ವ ತೀರಿ ವರುಷ ತುಂಬುವ ದಿನಕ್ಕೆ ಅದನ್ನೇ ತಿದ್ದಿ, ಅವ್ವನನ್ನು ಅವ್ವನ ಬಣ್ಣದಲ್ಲೇ ಗೋಡೆಗೆ ಹಾಕಬೇಕೆಂದು ಹಟ ಹಿಡಿದಳು. ಆದರೆ ಅವಳ ಹಳೆಯ ಲ್ಯಾಪ್‌ಟಾಪಿನ ಪರದೆ ಊಸರವಳ್ಳಿ. ಸ್ವಲ್ಪ ಎತ್ತಿದರೆ ಅವ್ವ ಬೂದಿ, ಸ್ವಲ್ಪ ಬಗ್ಗಿಸಿದರೆ ಮಸಿ. ಕೊನೆಗೆ ಬೇರೆ ಮಾನಿಟರ್ ಕೊಳ್ಳಲು, ಆಫೀಸಿನ ಗೆಳತಿ ಮುಬೀನಾಳನ್ನು ಕರೆದುಕೊಂಡು ಯಾದಗಿರಿಗೆ ಬಂದಳು. ಚೀಲದಲ್ಲಿ ಅವ್ವನ ಆ ಕೆಂಪು ಸೀರೆ, ಫೋಟೋ ಇದ್ದ ಪೆನ್‌ಡ್ರೈವ್.

ಅಂಗಡಿಯ ಗೋಡೆಯ ತುಂಬ ಪರದೆಗಳು, ಪ್ರತಿಯೊಂದರಲ್ಲೂ ಗಿಳಿ, ಸಮುದ್ರ. ಆ ಗಿಳಿಯ ಹಸಿರನ್ನು ಗಿಳಿಯೇ ಕಂಡಿದ್ದರೂ ಹೆದರಿ ಹಾರಿಹೋಗುತ್ತಿತ್ತು.

“ನೋಡ್ರಿ ಅಕ್ಕಾರ, ಕಲರ್ ಹೆಂಗ ಚಿಮ್ಮಾಕತ್ತಾವ!” ಅಂದ ಅಂಗಡಿಯ ಸಾಯಿಕುಮಾರ.

“ಚಿಮ್ಮೋದು ನನಗ ಬ್ಯಾಡ ತಮ್ಮಾ. ಬಣ್ಣ ಕುಂತಲ್ಲೇ ಕುಂದ್ರಬೇಕು.” ಅವಳು ಸೀರೆ ತೆಗೆದಳು.

“ಅಯ್ಯ, ಮ್ಯಾಚಿಂಗ್ ಸೆಂಟರ್ ಬಾಜೂಕ ಐತ್ರಿ!”

ಮುಬೀನಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಚಂದ್ರಕಲಾ ನಗಲಿಲ್ಲ. ಅವ್ವನ ಫೋಟೋವನ್ನು ಒಂದೊಂದೇ ಪರದೆಗೆ ಹಾಕಿಸಿದಳು. ಒಂದರಲ್ಲಿ ಅವ್ವ ಕಾಮಾಲೆಯವಳು, ಇನ್ನೊಂದರಲ್ಲಿ ನಾಟಕದವಳು. ಮೂಲೆಯಲ್ಲಿದ್ದ, ಹೊಳಪಿಲ್ಲದ ಒಂದರಲ್ಲಿ ಮಾತ್ರ ಸೀರೆ ಸೀರೆಯಂತೆ ಇತ್ತು.

“ಫೋಟೋ ತಿದ್ದೋರು ಇದನ್ನs ಒಯ್ತಾರ್ರಿ,” ಅಂದ ಸಾಯಿಕುಮಾರ. “ಯಾವ ಬಾಜೂಲಿಂದ ನೋಡಿದ್ರೂ ಬಣ್ಣ ಬದಲಾಗಂಗಿಲ್ಲ.”

“ಬಾಗಲಕ ತಗೊಂಡ ಬಾ.”

“ಬಿಸಲಾಗ ಇದು ಕಾಣಂಗಿಲ್ರಿ. ಮನ್ಯಾಗ ಇಟ್ಟು ನೋಡೋ ಸಾಮಾನು ಇದು.”

“ಹಗಲಾಗ ಕಾಣದ ಬಣ್ಣ ಎಂಥಾ ಬಣ್ಣೋ? ನಮ್ಮ ಮನಿತನದಾಗ ಹೊಸ್ತಿಲ ಮ್ಯಾಲ ನೋಡ್ದs ಮಾಲು ತಗೊಂಡಿಲ್ಲ.”

ಅವನು ವೈರು ಎಳೆದು ಪರದೆಯನ್ನು ಬಾಗಿಲಿಗೆ ತಂದ. ಬಿಸಿಲಿಗೆ ಅವ್ವ ಮಾಯ, ಬರೀ ಬೂದುಬಣ್ಣ. ಚಂದ್ರಕಲಾ ಮುಖ ಕಿವಿಚಿದಳು. “ಥೂ, ಒಳಗ ಒಂದು, ಹೊರಗ ಒಂದು!” ಬಾಗಿಲ ಬಿಸಿಲಿಗೂ ಜಗ್ಗದೆ ಉರಿಯುತ್ತಿದ್ದ, ಕನ್ನಡಿಯಂಥ ಇನ್ನೊಂದನ್ನು ಕಟ್ಟಿಸಿಕೊಂಡಳು. “ಕಲಾ, ಆತ ಹೇಳಿದ್ದು ಜರಾ ಕೇಳs,” ಎಂದು ಮುಬೀನಾ ಮೆಲ್ಲಗೆ ಅಂದಳು. ಕೇಳುವ ಕಿವಿ ಅಲ್ಲಿರಲಿಲ್ಲ.

ಮನೆಯ ಕೋಣೆಯಲ್ಲಿ ಆ ಪರದೆ ಪೆಟ್ರೋಮ್ಯಾಕ್ಸಿನಂತೆ ಉರಿಯಿತು. ಅವ್ವನ ಮುಖ ಬೆಳ್ಳಗೆ ಕಂಡಿತು. ಇದೂ ದೇವಿಂದ್ರನ ಜಾತಿಯದೇ ಎಂದು ಬೈಯುತ್ತ, ಅವಳು ಫೋಟೋದಲ್ಲಿದ್ದ ಮುಖವನ್ನೇ ಕಪ್ಪು ಮಾಡಿದಳು, ಇನ್ನಷ್ಟು ಮಾಡಿದಳು. ತೃಪ್ತಿಯಾದ ಮೇಲೆ ಕಲಬುರಗಿಗೆ ಪ್ರಿಂಟಿಗೆ ಕಳಿಸಿದಳು.

ಪ್ರಿಂಟು ಬಂದದ್ದು ಅವ್ವನ ವರುಷದ ದಿನದ ಮುನ್ನಾದಿನ. ಬಿಚ್ಚಿದರೆ ಕೆಂಪು ಸೀರೆಯ ಮೇಲೆ ಇದ್ದಲಿನ ಉಂಡೆ. ಕಣ್ಣಿಲ್ಲ, ಮೂಗಿಲ್ಲ, ಅವ್ವ ಇಲ್ಲ.

ಅವಳು ಬಾಗಿಲು ಮುಂದಕ್ಕೆ ಹಾಕಿ, ಪರದೆಯ ಪಕ್ಕಕ್ಕೆ ಸೀರೆ ಹಿಡಿದು, ಎರಡೂ ಕೆಂಪು ಒಂದಾಗುವ ತನಕ ಪರದೆಯ ಉರಿ ಇಳಿಸಿದಳು. ಅಲ್ಲಿಯೂ ಅದೇ ಇದ್ದಲಿನ ಉಂಡೆ ಕಂಡಿತು. ಪ್ರಿಂಟು ಸುಳ್ಳು ಹೇಳಿರಲಿಲ್ಲ. ನೂಲನ್ನು ನೋಡಬೇಕಾದ ಬೆಳಕಿನಲ್ಲಿ, ಒಳಗಿನಿಂದ ಉರಿಯುವ ಪರದೆಯೆಂಬ ದೀಪವನ್ನು ನೋಡಲು ಹೋದವಳು ತಾನೇ. ದೇವಿಂದ್ರ ಅವ್ವನಿಗೆ ಸುಣ್ಣ ಬಳಿದಿದ್ದ, ಅವಳು ಮಸಿ ಬಳಿದಿದ್ದಳು. ಇಷ್ಟು ದಿನ ಗೋಡೆಯ ಪಟ ನೋಡಿ ಬರುತ್ತಿದ್ದ ಹೇಸಿಗೆ ಈಗ ತನ್ನ ಕೈ ನೋಡಿಯೇ ಬಂತು.

ಪ್ರಿಂಟನ್ನು ಹರಿದು ಒಲೆಗೆ ಹಾಕಿದಳು. ಸುಣ್ಣದ ಪಟವನ್ನೂ ಗೋಡೆಯಿಂದ ಇಳಿಸಿ ಮೂಲೆಗೆ ತಿರುಗಿಸಿ ಇಟ್ಟಳು. ಅಷ್ಟರಲ್ಲಿ ಹೇಗೋ ಸುದ್ದಿ ತಿಳಿದ ದೇವಿಂದ್ರ ಬಾಗಿಲಿಗೆ ಬಂದ.

“ಅಕ್ಕಾ, ನಾಳಿ ಬೀಗರು ಬರ್ತಾರ, ಗ್ವಾಡಿ ಬೋಳ ಕಾಣ್ತೈತಿ. ಆ ಫೋಟೋ ನನ್ನ ಮೊಬೈಲಿಗಿ ಹಾಕು. ನೀ ಚಹಾ ಇಡೋದ್ರಾಗ ಅವ್ವನ ಮುಖ ಬೆಳಗಿ ಕೊಡ್ತೀನಿ. ರೊಕ್ಕದ ಮಾತ ಬ್ಯಾಡ.”

ಚಂದ್ರಕಲಾ ಮತ್ತೆ ಪರದೆಯ ಮುಂದೆ ಕುಳಿತಳು. ತೊಡೆಯ ಮೇಲೆ ಸೀರೆ.

“ಬ್ಯಾಡ ತಮ್ಮಾ. ನಾಳಿ ಗ್ವಾಡಿ ಬೋಳs ಇರ್ಲಿ, ಕೇಳಿದವರಿಗಿ ನಾ ಹೇಳ್ತೀನಿ. ಅವ್ವನ ಬಣ್ಣ ಕೆಡಿಸಿದಾಕಿ ನಾನು, ತಿದ್ದಾಕಿನೂ ನಾನs. ಚಹಾ ಬೇಕಂದ್ರ ಕುಡದ ಹೋಗು, ಫೋಟೋಕ ಕೈ ಹಚ್ಚಬ್ಯಾಡ.”