ಬ್ಯಾರನ್ ಮುಂದೆ ತಂಗಿ ಹೇಳಿದ ಗಾಳಿ

ತೊಂಬತ್ತರ ದಶಕದ ಕೊನೆಯ ಮಾತು. ಗಾವಡಗೆರೆ ಕಡೆ ನಮ್ಮದು ಹೊಗೆಸೊಪ್ಪಿನ ಬೇಸಾಯ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನುವ ಎತ್ತರದ ಮನೆಯೊಳಗೆ ತೂಗುಹಾಕಿ, ಸೌದೆ ಉರಿಯಲ್ಲಿ ಒಣಗಿಸುತ್ತಿದ್ದೆವು. ಹಬೆ ಹೋಗಲು ಮೇಲೊಂದು ಕಿಂಡಿ. ಉರಿ ನೋಡುವುದು ನಾನು, ಸೊಪ್ಪು ಕಟ್ಟುವುದು ತಂಗಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವಳು ಹುಣಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಳು.

ಕಟ್ಟುತ್ತಲೇ ಆಕಾಶದ ವಿಷಯ ಹೇಳುವಳು. ಗ್ಯಾಲಕ್ಸಿ ಎಂದರೆ ಎಣಿಕೆಗೆ ಸಿಗದಷ್ಟು ನಕ್ಷತ್ರಗಳ ಊರು, ಅದರ ನಟ್ಟನಡುವೆ ಒಂದು ಕಪ್ಪುಕುಳಿ.

"ಎಲ್ಲಾನೂ ನುಂಗ್ಬುಡ್ತದಾ?" ಎಂದೆ.

"ಇಲ್ಲ ಕಣಣ್ಣ. ಬೀಳಕ್ಕೆ ಬಂದಿದ್ದು ಸುತ್ತಿ ಸುತ್ತಿ ಬಿಸಿಯಾಯ್ತದೆ. ಆ ಕಾವಿಗೆ ಬಿರುಗಾಳಿ ಎದ್ದು, ಅಲ್ಲಿರೋ ಅನಿಲವ ಗ್ಯಾಲಕ್ಸಿಯಿಂದಾಚೆಗೆ ನೂಕ್ತದೆ. ಅನಿಲ ಹೋದ್ರೆ ಹೊಸ ನಕ್ಷತ್ರ ಹುಟ್ಟಲ್ಲ."

"ಅಂಗಾರೆ ಕಿಂಡಿ ಮುಚ್ಚಕ್ಕೆ ನನ್ನ ಕರೀಲಿ ಬುಡು."

ನಕ್ಕಳು. "ನೀನು ಮುಚ್ಬುಟ್ರೆ ದೂರದೋರಿಗೆ ನಷ್ಟ. ನಕ್ಷತ್ರದೊಳಗೆ ಬೆಂದ ಕಬ್ಬಿಣ, ಇಂಗಾಲ ಖಾಲಿ ಜಾಗಕ್ಕೆ ಹೋಗೋದೂ ಅದೇ ಗಾಳೀಲಿ."

ಅದನ್ನೇ ಓದಬೇಕೆಂದು ಮೈಸೂರಿನಲ್ಲಿ ಎಂ.ಎಸ್ಸಿ.ಗೆ ಅರ್ಜಿ ಹಾಕಿದಳು. ಸೀಟು ಸಿಕ್ಕಿತು. ಸೇರಿಸಲು ನಾನು ಜೊತೆಗೆ ಹೋಗಬೇಕಿತ್ತು. ಆ ಬೆಳಿಗ್ಗೆ ಸೊಪ್ಪು ಹಳದಿಗೆ ತಿರುಗಿತ್ತು. ಕಿಂಡಿ ತೆಗೆದು ಉರಿ ಏರಿಸುವ ಹೊತ್ತು, ಬಿಟ್ಟರೆ ಸೊಪ್ಪು ಕಪ್ಪಾಗುತ್ತದೆ.

"ನಾಳೆ ಹೋಗಣ ಕಣಮ್ಮಿ. ಸೀಟೇನು ಓಡೋಯ್ತದಾ?"

"ಇವತ್ತೇ ಕೊನೆ ದಿನ ಅಣ್ಣ."

"ಉರಿ ನೋಡೋರು ಯಾರವ್ರೆ?" ಎಂದೆ.

ಇದ್ದರು. ಚಿಕ್ಕಪ್ಪನ ಮಗ ಹಿಂದಿನ ಸಂಜೆಯೇ ಬಂದು, ಉರಿ ನಾನು ನೋಡಿಕೊಳ್ಳುತ್ತೇನೆ ಎಂದಿದ್ದ. ಬೇಡ ಎಂದು ಕಳಿಸಿದ್ದೆ. ಅವಳು ಮೈಸೂರಿಗೆ ಹೋದರೆ ನನ್ನ ಹತ್ತಿರ ಕೂತು ಅಂಥ ಮಾತಾಡುವವರು ಯಾರೂ ಇರುವುದಿಲ್ಲ ಅನ್ನಿಸಿತ್ತು.

ಸೀಟು ಬೇರೆಯವರಿಗೆ ಹೋಯಿತು. ಆಮೇಲೂ ಅವಳು ಸೊಪ್ಪು ಕಟ್ಟಿದಳು, ಆದರೆ ಆಕಾಶದ ಮಾತು ಎತ್ತಲಿಲ್ಲ. ನಾನು ಕೇಳಲೂ ಇಲ್ಲ. ಆಮೇಲೆ ಕೆ.ಆರ್. ನಗರದ ಕಡೆಗೆ ಮದುವೆಯಾಗಿ ಹೋದಳು.

ಎಷ್ಟೋ ವರ್ಷದ ಮೇಲೆ ಒಂದು ಸಂಕ್ರಾಂತಿಗೆ ಬಂದಿದ್ದಳು. ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ, ಅವತ್ತು ಉರಿ ನೋಡಲು ಬಂದಿದ್ದ ಚಿಕ್ಕಪ್ಪನ ಮಗನನ್ನು ನಾನೇ ಕಳಿಸಿದ್ದೆ ಎಂಬ ನಿಜ ಹೇಳಿದೆ.

"ಗೊತ್ತಿತ್ತು. ಅವನೇ ಹೇಳ್ದ" ಎಂದಳು.

"ಮತ್ತೆ ಬೈಲಿಲ್ಲ ಯಾಕೆ?"

"ಬೈದಿದ್ರೆ ನೀನು ಕಾರಣ ಹೇಳ್ತಿದ್ದೆ. ಕೇಳೋಕೆ ನನ್ನ ಕೈಲಾಯ್ತಿರ್ಲಿಲ್ಲ."

ಆ ಕಾರಣ ಹೇಳಲು ಬಾಯಿ ತೆರೆದೆ. ಅವಳು ಮೊರವನ್ನು ನನ್ನತ್ತ ತಳ್ಳಿ, "ನೀನೂ ಸುಲಿ" ಎಂದಳು. ಸುಲಿದೆ. ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾಯಿ ಮುಗಿಯುವವರೆಗೂ ಅವಳ ಪಕ್ಕದಲ್ಲೇ ಕೂತಿದ್ದೆ.