ಅಕ್ಕ ಬಚ್ಚಿಟ್ಟ ಕ್ವಿನೈನು

ಹೋದ ತಿಂಗಳು ಕೋಟೆ ಸೀಮೆಯಲ್ಲಿರುವ ನಮ್ಮ ಅಕ್ಕ ರೋಸಮ್ಮನ ಮನೆಗೆ ಹೋಗಿದ್ದೆವು. ನನ್ನ ಹೆಂಡತಿ ತೆರೇಸ ಧೂಳು ಒರೆಸೋಣವೆಂದು ಮಾತೆ ಮರಿಯಮ್ಮನವರ ಪಟವನ್ನು ಗೋಡೆಯಿಂದ ಇಳಿಸಿದಳು. ಅದರ ಹಿಂದಿನಿಂದ ಕ್ವಿನೈನ್ ಮಾತ್ರೆಗಳು ಬಳಬಳ ಉದುರಿದವು. ಒಂದು ಹಿಡಿ ತುಂಬ!

ತೆರೇಸ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆ ಕಡೆಗೆ ತಿರುಗಿ ಮಲಗಿದಳು.

ಅದು ಕಾಡಂಚಿನ ಊರು. ಅಲ್ಲಿ ಚಳಿಜ್ವರ ಕರೆಯದ ನೆಂಟನ ಹಾಗೆ. ಹೇಳದೆ ಬರುತ್ತದೆ, ಹೇಳಿದರೂ ಹೋಗುವುದಿಲ್ಲ. ಸರ್ಕಾರ ಪುಕ್ಕಟೆ ಕ್ವಿನೈನ್ ಕೊಡುತ್ತದೆ. ಕಾಂಪೌಂಡರ್ ಸೈಕಲ್ ತುಳಿದುಕೊಂಡು ಬಂದು ಮನೆಮನೆಗೆ ಹಂಚುತ್ತಾನೆ. "ನುಂಗ್ತಾ ಇವ್ನಿ ಕಣಪ್ಪ" ಎಂದು ಅಕ್ಕ ಹೇಳಿದ್ದೇ ಹೇಳಿದ್ದು. ಅವಳ ಜ್ವರ ಮಾತ್ರ ಜಗ್ಗಲಿಲ್ಲ. (ಮಾತ್ರೆಯೇ ಕಳಪೆಯೆಂದು ಆ ಬಡಪಾಯಿ ಕಾಂಪೌಂಡರ್ ಮೇಲೆ ಕಂಪ್ಲೇಂಟ್ ಬರೆಯಲು ನಾನು ಪೆನ್ನು ಹುಡುಕುತ್ತಿದ್ದೆ!)

"ಯಾಕಕ್ಕಾ ಹಿಂಗ್ ಮಾಡ್ದೆ?" ಎಂದೆ.

"ತಪಸ್ಸುಕಾಲ ಅಲ್ವೇನೋ. ಒಪ್ಸಿವ್ನಿ."

ಕ್ರೈಸ್ತರಲ್ಲದ ಓದುಗರಿಗೆ ಇಲ್ಲಿ ಒಂದು ಮಾತು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸುಕಾಲ. ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ನಶ್ಯ ಬಿಡುತ್ತಾರೆ. (ನಾನು ವರ್ಷವರ್ಷವೂ ಕಾಫಿ ಬಿಡುತ್ತೇನೆ, ವಾರದೊಳಗೆ ಸೋಲುತ್ತೇನೆ.) ಬಂದ ಕಷ್ಟವನ್ನು ಗೊಣಗದೆ ಸಹಿಸಿ ಯಾರಿಗಾದರೂ ಒಳ್ಳೆಯದಾಗಲೆಂದು ಏಸುಸ್ವಾಮಿಗೆ ಒಪ್ಪಿಸುವುದೂ ಉಂಟು. ಚಿಕ್ಕಂದಿನಲ್ಲಿ ಮಂಡಿ ತರಚಿಕೊಂಡು ಬಂದರೆ ನಮ್ಮಜ್ಜಿ, "ಅಳಬ್ಯಾಡ, ಏಸಪ್ಪನ್ಗೆ ಒಪ್ಸು" ಎನ್ನುತ್ತಿದ್ದಳು. ಒಪ್ಪಿಸುತ್ತಿದ್ದೆವು. ಆಮೇಲೆ ಅಜ್ಜಿ ಅರಿಸಿನ ಹಚ್ಚುತ್ತಿದ್ದಳು.

ಅಕ್ಕ ಅಜ್ಜಿಯ ಮಾತನ್ನು ನೆನಪಿಟ್ಟುಕೊಂಡು ಅರಿಸಿನವನ್ನು ಮರೆತುಬಿಟ್ಟಿದ್ದಳು.

ಯಾರಿಗಾಗಿ ಒಪ್ಪಿಸಿದ್ದು? ಮಗಳು ಲೂಸಿಗಾಗಿ. ಪಿರಿಯಾಪಟ್ಟಣಕ್ಕೆ ಕೊಟ್ಟ ಹುಡುಗಿ. ಹೋದ ವರ್ಷ ಚೊಚ್ಚಲ ಹೆರಿಗೆಗೆ ಇದೇ ಮನೆಗೆ ಬಂದಿದ್ದಳು. ಜೀವ ಹೋಗಿ ಬರುವಷ್ಟು ನರಳಿ ಹೆತ್ತಳು. ಆ ಮಗು ಸರಿಯಾಗಿ ಹಾಲು ಕುಡಿಯುವ ಮೊದಲೇ ತೀರಿಕೊಂಡಿತು. ಈಗ ಮತ್ತೆ ಬಸುರಿ. ಹಬ್ಬ ಕಳೆದ ಮೇಲೆ ತವರಿಗೆ ಬರುವವಳಿದ್ದಳು.

"ಅವಳ ಪಾಲಿನ ನೋವ ನಂಗೇ ಕೊಟ್ಬುಡು ಅಂತ ಏಸಪ್ಪನ ಬೇಡ್ಕಂಡಿವ್ನಿ. ಕೊಟ್ಟವ್ರೆ. ಈಗ ನಾನು ಮಾತ್ರೆ ನುಂಗಿ ಜ್ವರ ಓಡಿಸ್ಬುಟ್ರೆ ಆ ನೋವು ಎಲ್ಲಿಗ್ ಓಯ್ತದೆ? ಅವಳ್ತಾವ್ಕೇ ತಾನೆ?"

ನೋಡಿ ನಮ್ಮಕ್ಕನ ಲೆಕ್ಕಾಚಾರ! ದೇವರ ಹತ್ತಿರ ನೋವಿನ ಕಣಜವೊಂದಿದೆಯಂತೆ. ಮನೆಮನೆಗೆ ಇಷ್ಟಿಷ್ಟು ಎಂದು ಅಳೆದು ಹಾಕುತ್ತಾನಂತೆ. ತಾಯಿ ಸೆರಗೊಡ್ಡಿದರೆ ಮಗಳ ಪಾಲು ತಾಯಿಗೆ ಬೀಳುತ್ತದಂತೆ. ನಗು ಬರುತ್ತದೆಯೇ? ನನಗೆ ಬರಲಿಲ್ಲ. ಮಕ್ಕಳಿಗಾಗಿ ಹೀಗೆ ಬೇಡದ ತಾಯಿ ಯಾವ ಜಾತಿಯಲ್ಲಿದ್ದಾಳೆ ಹೇಳಿ? ಆದರೆ ಅಕ್ಕನ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಕಣ್ಣು ಗುಳಿ ಬಿದ್ದಿದ್ದವು. ಜ್ವರ ಇನ್ನೊಂದೆರಡು ಸಲ ಏರಿದರೆ ಹಬ್ಬದವರೆಗೆ ಉಳಿಯುವುದೇ ಅನುಮಾನವಾಗಿತ್ತು.

ತೆರೇಸಳಿಗೆ ಸಿಟ್ಟು ಬಂತು.

"ಅಕ್ಕಾ, ನೀವು ಸತ್ತೋದ್ರೆ ಬಾಣಂತನ ಯಾರು ಮಾಡ್ತಾರೆ? ದೇವದೂತರು ಬಂದು ನೀರು ಕಾಯಿಸ್ತಾರಾ?"

"ನೀನಿಲ್ವಾ?"

"ನಾನು ಮಾಡ್ತೀನಿ. ಆದ್ರೆ ನೋವು ಬಂದಾಗ ಲೂಸಿ 'ಅವ್ವಾ' ಅಂತ ಕೂಗ್ತಾಳೆ, 'ಅತ್ತೇ' ಅಂತ ಕೂಗಲ್ಲ."

ಅಕ್ಕನ ಕಣ್ಣು ತುಂಬಿತು. ಮಾತ್ರೆಗೆ ಬಾಯಿ ಮಾತ್ರ ತೆರೆಯಲಿಲ್ಲ. ಒಪ್ಪಿಸಿದ್ದನ್ನು ಮುರಿದರೆ ಮಗಳಿಗೆ ಕೇಡಾದೀತೆಂಬ ಭಯ. ನಾನೋ ಪೇಪರಿಗೆ ಬರೆಯುವವನು; ನನ್ನ ಮಾತನ್ನು ಅಕ್ಕ ಯಾವತ್ತು ನಂಬಿದ್ದಾಳೆ? ಪಕ್ಕದ ಊರಿನ ದೇವಾಲಯಕ್ಕೆ ಹೋಗಿ ಪಾದ್ರಿ ಗುರುಗಳನ್ನೇ ಕರೆದುಕೊಂಡು ಬಂದೆ.

ಗುರುಗಳು ಫ್ರಾನ್ಸ್ ದೇಶದವರು. ಕನ್ನಡವನ್ನು ಕೋಟೆಯ ರೈತರಿಂದ ಕಲಿತವರು. ಆದ್ದರಿಂದ ಅವರ ಮೈಬಣ್ಣ ಒಂದು ದೇಶದ್ದು, ಮಾತು ಇನ್ನೊಂದು ದೇಶದ್ದು. ಬಂದವರೇ ಅಕ್ಕನ ಚಾಪೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ನಿಲುವಂಗಿಯ ಜೇಬಿನಿಂದ ಒಂದು ಸಣ್ಣ ಸೀಸೆ ತೆಗೆದು ತೋರಿಸಿದರು. ಅದರೊಳಗೂ ಕ್ವಿನೈನ್!

"ನಂಗೂ ಚಳಿಜ್ವರ ಬತ್ತದೆ ರೋಸಮ್ಮ. ತಪಸ್ಸುಕಾಲ ಅಂತ ಮಾಂಸ ಬುಟ್ಟಿವ್ನಿ, ಚುಟ್ಟ ಬುಟ್ಟಿವ್ನಿ. ಇದ ಬುಟ್ಟಿಲ್ಲ. ಅಂಗಾರೆ ನಾನು ಪಾಪಿಯಾ?"

"ಅಯ್ಯೋ, ಬುಡ್ತು ಅನ್ನಿ ಗುರುಗಳೆ!"

"ಏಸುಸ್ವಾಮಿ ತಾವ್ಕೆ ಕುರುಡ ಬಂದ, ಕುಷ್ಠದವನು ಬಂದ. ಅವ್ರ ಶಿಷ್ಯ ಪೇತ್ರನ ಅತ್ತೆ ನಿನ್ನಂಗೇ ಜ್ವರ ಬಂದು ಮಲಗಿದ್ಲು. 'ಇರ್ಲಿ, ಇನ್ನೊಂದಷ್ಟು ದಿನ ನರಳು, ನಿನ್ನ ಮಗಳಿಗೆ ಒಳ್ಳೇದಾಯ್ತದೆ' ಅಂದ್ರಾ? ಕೈ ಹಿಡಿದು ಎಬ್ಬಿಸಿದ್ರು. ಅವಳು ಎದ್ದವಳೇ ಎಲ್ಲರಿಗೂ ಬಡಿಸಕ್ಕೆ ನಿಂತ್ಲು."

ಅಕ್ಕ ಕಂಬಳಿ ಸರಿಸಿ ಗುರುಗಳ ಕಡೆ ತಿರುಗಿದಳು. ಆಮೇಲೆ ಬಂದ ದನಿಯಲ್ಲಿದ್ದದ್ದು ಜ್ವರದ ನಡುಕವೋ ಅಳುವೋ ತಿಳಿಯಲಿಲ್ಲ.

"ಅಂಗಾರೆ ಓದ್ ವರ್ಸ ಆ ಮೊಗ ಯಾಕೆ ಓಯ್ತು ಗುರುಗಳೆ? ಅದೇನು ಪಾಪ ಮಾಡಿತ್ತು?"

ಈ ಪ್ರಶ್ನೆಗೆ ಊರಲ್ಲಿ ಉತ್ತರಗಳಿಗೆ ಬರವಿಲ್ಲ. ಹಣೆಬರಹ ಎಂದವರುಂಟು. ಹಿರಿಯರ ಪಾಪ ಎಂದವರುಂಟು. ನಮ್ಮ ದೇವಾಲಯದವರೇ ಬಂದು, "ದೇವರು ಚೆಂದದ ಹೂವನ್ನೇ ಮೊದಲು ಕೀಳ್ತಾರೆ" ಎಂದು ಬಾಣಂತಿ ಲೂಸಿಯ ಎದುರಿಗೇ ಹೇಳಿ ಕಾಫಿ ಕುಡಿದು ಹೋಗಿದ್ದರು. (ಮೊಗ್ಗನ್ನೇ ಚಿವುಟುವ ತೋಟಗಾರನನ್ನು ನೀವಾದರೆ ಕೆಲಸಕ್ಕೆ ಇಟ್ಟುಕೊಳ್ಳುತ್ತೀರಾ?)

ಗುರುಗಳು ಅದ್ಯಾವುದನ್ನೂ ಹೇಳಲಿಲ್ಲ.

"ಗೊತ್ತಿಲ್ಲ ಕಣವ್ವ" ಎಂದರು. "ಅದ ಮಣ್ಣು ಮಾಡ್ದೋನು ನಾನೇ. ಅವತ್ತು ಮನೆಗೋಗಿ ದೇವರ ಮುಂದೆ ನಾನೂ ಇದ್ನೇ ಕೇಳ್ದೆ. ಶಿಲುಬೆ ಮ್ಯಾಲೆ ಏಸುಸ್ವಾಮಿನೇ 'ಯಾಕೆ ನನ್ನ ಕೈಬುಟ್ಟೆ' ಅಂತ ಕೇಳಿದ್ಮ್ಯಾಲೆ ನಾವು ಕೇಳಿದ್ರೆ ತಪ್ಪಿಲ್ಲ. ಆದ್ರೆ ಒಬ್ಬರ ನೋವ ಈಸ್ಕಂಡು ಇನ್ನೊಬ್ಬರಿಗೆ ಬುಟ್ಟುಕೊಡೋ ಯಾಪಾರ ಅವ್ರದಲ್ಲ. ಎಲ್ಲಾರ ಪಾಲಿಂದೂ ಅವ್ರೇ ಒತ್ಕಂಡಾಯ್ತು. ನಿನ್ನ ಪಾಲು ಅಂತ ಏನೂ ಉಳಿಸಿಲ್ಲ."

ಅಕ್ಕ ನಿಧಾನವಾಗಿ ಎದ್ದು ಕೂತಳು. ತೆರೇಸ ಸಮಯ ನೋಡಿ ನೀರಿನ ಲೋಟ ಮುಂದೆ ಹಿಡಿದಳು. ಅಕ್ಕ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಗುರುಗಳೆ, ಈ ಕಯಿನಾದ್ರೂ ಒಪ್ಪಿಸ್ಬೋದಾ?"

"ದಾರಾಳವಾಗಿ ಒಪ್ಸು. ನುಂಗಿದ್ಮ್ಯಾಲೆ ಬೆಲ್ಲ ಮಾತ್ರ ಕೇಳ್ಬ್ಯಾಡ!"

ನುಂಗಿದಳು. ಅವಳು ಮುಖ ಕಿವುಚಿದ್ದನ್ನು ಕಂಡು ನಾವು ನಕ್ಕೆವು. ಅವಳೂ ನಕ್ಕಳು. ತೆರೇಸ ಗುರುಗಳ ಕಣ್ಣು ತಪ್ಪಿಸಿ ಅವಳ ಬಾಯಿಗೆ ಬೆಲ್ಲದ ಚೂರು ಹಾಕಿದ್ದನ್ನು ನಾನು ಕಂಡೆ. (ಗುರುಗಳೂ ಕಂಡರೆಂದು ನನ್ನ ಅನುಮಾನ.)

ದೇವರಿದ್ದರೆ ನೋವೇಕೆ? ಹುಣಸೂರಿನ ಕಾಫಿ ಹೋಟೆಲಿನಲ್ಲಿ ಗೆಳೆಯರು ನನ್ನನ್ನು ಆಗಾಗ ಕೆಣಕುವ ಪ್ರಶ್ನೆ ಇದು. ಕೆಲವು ನೋವು ನಮ್ಮ ಕೈಯಾರೆ ಬಂದದ್ದು ಸ್ವಾಮಿ. ಹಿತ್ತಲಲ್ಲಿ ನೀರು ನಿಲ್ಲಿಸಿ ಸೊಳ್ಳೆ ಸಾಕುತ್ತೇವೆ. ನರ್ಸಮ್ಮನನ್ನು ಹೊತ್ತು ಮೀರಿದ ಮೇಲೆ ಕರೆಯುತ್ತೇವೆ. ಕೊನೆಗೆ "ದೇವರ ಚಿತ್ತ" ಎಂದು ಕೈ ತೊಳೆದುಕೊಳ್ಳುತ್ತೇವೆ. ಎಷ್ಟು ಅನುಕೂಲದ ಮಾತು!

ಉಳಿದ ನೋವಿಗೆ ಕಾರಣ ನನಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನಾನು ನಂಬಿದ ದೇವರು ಅಟ್ಟದ ಮೇಲೆ ಕೂತು ನಮ್ಮ ನರಳಾಟ ನೋಡುವವನಲ್ಲ. ಕೈಕಾಲಿಗೆ ಮೊಳೆ ಹೊಡೆಸಿಕೊಂಡವನು. ಸತ್ತ ಗೆಳೆಯನನ್ನು ಎಬ್ಬಿಸಲೆಂದೇ ಹೋದವನು, ಎಬ್ಬಿಸುವ ಮೊದಲು ಅವನ ಅಕ್ಕತಂಗಿಯರ ಜೊತೆ ನಿಂತು ಅತ್ತವನು. ಅಂಥವನ ಮೇಲೆ ಭಾರ ಹಾಕಲು ನನಗೆ ಯಾವ ಅಳುಕೂ ಇಲ್ಲ.

ಅಕ್ಕನ ಜ್ವರ ಬಿಟ್ಟಿದೆ. ಲೂಸಿ ಬಂದಿದ್ದಾಳೆ. ಈ ಸಲ ನರ್ಸಮ್ಮನಿಗೆ ಮೊದಲೇ ಹೇಳಿಟ್ಟಿದ್ದೇವೆ. ಅಕ್ಕ ಹಂಡೆ ತೊಳೆದು, ಸೌದೆ ಒಟ್ಟಿ, ಹಳೆಯ ಮೆತ್ತನೆ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದಾಳೆ. ಹೆರಿಗೆ ಹೇಗಾಗುತ್ತದೋ ನಮಗಾರಿಗೂ ತಿಳಿಯದು. ಮಗಳ ನೋವನ್ನು ಅಕ್ಕ ತಾನು ತೆಗೆದುಕೊಳ್ಳಲಾರಳು. ಮಗಳು ಕೂಗಿದಾಗ ಕೈ ಹಿಡಿದುಕೊಂಡು ಪಕ್ಕದಲ್ಲಿರುತ್ತಾಳೆ.

ಹಡೆದ ತಾಯಿಯೇ ಅಷ್ಟು ಮಾಡುವಾಗ, ಹುಟ್ಟಿಸಿದ ದೇವರು ಅದಕ್ಕಿಂತ ಕಡಿಮೆ ಮಾಡಿಯಾನೇ?