ಒಂದು ಹಿಡಿ ಸಿಕ್ಕು

ಮುರಿದ ರೊಟ್ಟಿಯನ್ನು ಮತ್ತೆ ಕೂಡಿಸುವ ವಿದ್ಯೆ ನನಗೆ ಬರುವುದಿಲ್ಲ. ಇದನ್ನು ನಿಮ್ಮೆದುರು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ. ಒಪ್ಪದವಳು ನನ್ನ ನಾಲ್ಕು ವರ್ಷದ ಮಗಳು ಪುಟ್ಟಗೌರಿ. ಬಿಸಿ ಆರಲಿ ಎಂದು ಅವಳ ಅಕ್ಕಿರೊಟ್ಟಿಯನ್ನು ಎರಡು ಹೋಳು ಮಾಡಿದ್ದೇ ನನ್ನ ಅಪರಾಧ. ಅವಳಿಗೆ ಇಡೀ ರೊಟ್ಟಿ ಬೇಕಿತ್ತು. ಬೇರೆಯದು ಕೊಟ್ಟರೆ ಆಗದು, ಮುರಿದದ್ದೇ ಇಡಿಯಾಗಬೇಕು.

"ಕೂಡ್ಸು! ನೂಲು ಕಿತ್ತೋದ್ರೆ ಕೂಡುಸ್ತೀಯಲ್ಲ, ಇದ್ನೂ ಕೂಡ್ಸು!"

ನೇಕಾರರ ಮನೆಯ ಮಗು. ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು, ಕಡಿದ ರೇಷ್ಮೆ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಅವಳ ವಾದದಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಅವಳು ನೆಲಕ್ಕೆ ಬಿದ್ದು ಕಾಲು ಬಡಿಯತೊಡಗಿದಳು.

ಹೆಂಡತಿ ನೀರಿಗೆ ಹೋಗಿದ್ದಳು. ಇಂಥ ಹೊತ್ತಿಗೆ ಒದಗುತ್ತಿದ್ದ ನಮ್ಮವ್ವ, ನನ್ನ ತಂಗಿಯ ಬಾಣಂತನಕ್ಕೆಂದು ಮಾಂಬಳ್ಳಿಗೆ ಹೋಗಿ ಹದಿನೈದು ದಿನವಾಗಿತ್ತು. ಮಗ್ಗದ ಮೇಲಿದ್ದದ್ದು ಕಾಮಗೆರೆಯವರ ಮದುವೆ ಸೀರೆ. ಸೆರಗು ಮಾತ್ರ ಬಾಕಿ. ಮಾರನೆಯ ಬೆಳಿಗ್ಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಮಗು ಸುಮ್ಮನಾಗದೆ ನಾನು ಗುಂಡಿಗೆ ಇಳಿಯುವಂತಿರಲಿಲ್ಲ.

ಮೊದಲು ಗುಮ್ಮನನ್ನು ಕರೆದೆ, ಬರಲಿಲ್ಲ. ಆಮೇಲೆ ಪೊಲೀಸಿನವರನ್ನು ಕರೆದೆ. ಈ ವಿಷಯದಲ್ಲಿ ಕೊಳ್ಳೇಗಾಲದ ಅಪ್ಪಂದಿರಿಗೆ ಒಂದು ಅನುಕೂಲವಿದೆ. ನಾವು ಮದರಾಸ್ ಸರ್ಕಾರಕ್ಕೆ ಸೇರಿದವರು, ಪಕ್ಕದ ಯಳಂದೂರು ಮೈಸೂರಿನದು. ಒಂದು ಸರ್ಕಾರದ ಪೊಲೀಸಿಗೆ ಬಗ್ಗದ ಮಗುವನ್ನು ಇನ್ನೊಂದು ಸರ್ಕಾರದ ಪೊಲೀಸಿನಿಂದ ಹೆದರಿಸಬಹುದು. ಸಾಲದ್ದಕ್ಕೆ ಪಕ್ಕದ ಮನೆಯ ತಮಿಳಿನ ಮುದುಕಿ ಗೋಡೆಯಾಚೆಯಿಂದಲೇ ತಮ್ಮ ಭಾಷೆಯ ಗುಮ್ಮ ಪೂಚಾಂಡಿಯನ್ನೂ ಕೂಗಿ ಕರೆದರು. ಪುಟ್ಟಗೌರಿ ಇವರಾರಿಗೂ ಸೊಪ್ಪು ಹಾಕಲಿಲ್ಲ. ಬೆಲ್ಲ ಕೊಟ್ಟರೆ ಬೆಲ್ಲವನ್ನು ಬಾಯಲ್ಲಿಟ್ಟುಕೊಂಡೇ ಅತ್ತಳು. ಎರಡು ಹೋಳಾದರೂ ರೊಟ್ಟಿ ಅಷ್ಟೇ ಇರುತ್ತದೆಂದು ಲೆಕ್ಕ ಹೇಳಿದೆ. ಅಳು ಇನ್ನಷ್ಟು ಏರಿತು.

ಆಗ ಅವ್ವನ ಮದ್ದು ನೆನಪಾಯಿತು. ಚಿಕ್ಕಂದಿನಲ್ಲಿ ನಾನು ರಚ್ಚೆ ಹಿಡಿದರೆ ಅವ್ವ ಗದರುತ್ತಿರಲಿಲ್ಲ, ಮುದ್ದಾಡುತ್ತಲೂ ಇರಲಿಲ್ಲ. ಒಂದು ಹಿಡಿ ಸಿಕ್ಕುಬಿದ್ದ ರೇಷ್ಮೆ ನೂಲನ್ನು ಮಡಿಲಿಗೆ ಹಾಕಿ, "ಇದ್ನ ಬುಡ್ಸು ಮಗ, ಆಮೇಕೆ ಅಳುವಂತೆ" ಎಂದು ಪಕ್ಕದಲ್ಲೇ ಕೂರುತ್ತಿದ್ದಳು. ರೇಷ್ಮೆಗೆ ಸಿಟ್ಟಿನ ಕೈ ಆಗದು. ಎಳೆದರೆ ಸಿಕ್ಕು ಬಿಗಿಯುತ್ತದೆ. ಉಸಿರು ಬಿಗಿಹಿಡಿದು ಒಂದೊಂದೇ ಎಳೆ ಬಿಡಿಸಬೇಕು. ಉಸಿರು ಹಿಡಿದುಕೊಂಡು ಅಳುವುದಾದರೂ ಹೇಗೆ? ಆಗೆಲ್ಲ ನಮ್ಮ ಮನೆಯಲ್ಲಿ ಸಿಕ್ಕಿಗೆ ಎಂದೂ ಬರವಿರಲಿಲ್ಲ. ಅಪ್ಪನ ಕೈಗೆಲಸ ಅಷ್ಟು ಅಚ್ಚುಕಟ್ಟಲ್ಲ ಎಂದು ಆ ವಯಸ್ಸಿನಲ್ಲೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ನನ್ನ ಕೈಗೆಲಸವಾದರೋ ಬಹಳ ಅಚ್ಚುಕಟ್ಟು. ತೊಂದರೆಯಾದದ್ದೇ ಅಲ್ಲಿ. ಬುಟ್ಟಿ ತಡಕಿದೆ, ರಾಟೆಯ ಕೆಳಗೆ ಬಗ್ಗಿ ನೋಡಿದೆ. ಇಡೀ ಮನೆಯಲ್ಲಿ ಒಂದು ಹಿಡಿ ಸಿಕ್ಕೂ ಇಲ್ಲ! ಕೊನೆಗೆ ಗೂಟದಲ್ಲಿದ್ದ ಹಸಿರು ನೂಲಿನ ಲಡಿಯೊಂದನ್ನು ಇಳಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಂಗೈಗಳ ನಡುವೆ ಹಾಕಿ ಚೆನ್ನಾಗಿ ಉಜ್ಜಿದೆ. ಒಳ್ಳೆಯ ನೂಲನ್ನು ಬೇಕೆಂದೇ ಸಿಕ್ಕು ಮಾಡಿದ ನೇಕಾರ ಕೊಳ್ಳೇಗಾಲದಲ್ಲಿ ನಾನೊಬ್ಬನೇ ಇರಬೇಕು ಎಂದುಕೊಂಡೆ. ಅವ್ವನ ಮಾತನ್ನೇ ಹೇಳಿ ಮಗಳ ಮಡಿಲಿಗೆ ಹಾಕಿದೆ.

ಅಳುತ್ತಲೇ ಅವಳು ಒಂದು ಎಳೆ ಹಿಡಿದಳು. ಬಿಕ್ಕುವುದು ಕಡಿಮೆಯಾಯಿತು. ನಾಲಿಗೆಯ ತುದಿ ಹೊರಗೆ ಬಂತು. ಗೆದ್ದೆನೆಂದು ನಾನು ಮಗ್ಗದ ಕಡೆ ತಿರುಗುವಷ್ಟರಲ್ಲಿ ಹೆಂಡತಿ ಬಂದು ಬಿಂದಿಗೆ ಇಳಿಸಿದಳು.

"ಇದೇನ್ರೀ, ಸೆರಗಿನ ನೂಲಲ್ವಾ ಇದು?"

ಹೌದು. ಆ ಬಣ್ಣದ್ದು ಅದೊಂದೇ ಲಡಿ, ಅಳುವಿನ ಗಲಾಟೆಯಲ್ಲಿ ನನಗದು ಹೊಳೆದಿರಲಿಲ್ಲ. ತಪ್ಪು ನನ್ನದಾದ್ದರಿಂದ ಸಿಟ್ಟೂ ನನಗೇ ಬಂತು. "ಮನೇಲಿ ಒಂದಿಡಿ ಸಿಕ್ಕಾದ್ರೂ ಮಡುಗ್ಬಾರ್ದಾ?" ಎಂದು ಅವಳ ಮೇಲೆ ರೇಗಿದೆ. ಮಗಳ ಕೈಯಿಂದ ನೂಲು ಕಸಿದುಕೊಂಡು ಎಳೆದೆ. ಎಳೆದಷ್ಟೂ ಬಿಗಿಯಿತು.

ಪುಟ್ಟಗೌರಿ ಬಂದು ನನ್ನ ಮೊಣಕಾಲಿಗೆ ಒತ್ತಿಕೊಂಡು ಕೂತಳು. "ಎಳೀಬ್ಯಾಡ ಕಣಪ್ಪ. ಇದ್ನ ಬುಡ್ಸು, ಆಮೇಕೆ ಬಯ್ಯುವಂತೆ."

ನಗು ಬಂತು, ನಾಚಿಕೆಯೂ ಆಯಿತು. ಮೂವರೂ ಕೂತು ಬಿಡಿಸಿದೆವು. ದೀಪ ಹಚ್ಚುವ ಹೊತ್ತಿಗೆ ಲಡಿ ಮತ್ತೆ ಲಡಿಯಾಯಿತು. ನಡುವೆ ಯಾವಾಗಲೋ ಅವಳು ರೊಟ್ಟಿಯ ಎರಡು ಹೋಳನ್ನೂ ತಿಂದು ಮುಗಿಸಿದ್ದಳು. ಸೀರೆ ಕಾಮಗೆರೆಗೆ ಹೋದದ್ದು ಒಂದು ದಿನ ತಡವಾಗಿ. ಅಲ್ಲಿಯ ಹಿರಿಯರು ನನಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಅವ್ವ ಮಾಂಬಳ್ಳಿಯಿಂದ ಬಂದವಳೇ ಕೇಳಿದಳು. "ಮಗ ರಚ್ಚೆ ಗಿಚ್ಚೆ ಮಾಡ್ತೇನ್ಲಾ?"

"ಮಗ ಬಿರ್ನೆ ಸುಮ್ಕಾಯ್ತು ಕಣವ್ವ. ನಾನ್ ಸುಮ್ಕಾಗಕ್ಕೇ ಸಂದೆಗಂಟ ಆಯ್ತು" ಎಂದು ಲಡಿಯ ಕತೆಯನ್ನೆಲ್ಲ ಹೇಳಿದೆ. ಒಳ್ಳೆಯ ನೂಲನ್ನು ಹಾಳುಮಾಡಿದ್ದಕ್ಕೆ ಬಯ್ಯುತ್ತಾಳೆಂದು ಕಾದೆ. ಅವ್ವ ಎಲೆಗೆ ಸುಣ್ಣ ಹಚ್ಚುತ್ತ ನಕ್ಕಳು.

"ನಿಮ್ಮಪ್ಪ ಒಂದಿನಕ್ಕೂ ನೂಲ ಸಿಕ್ಕು ಮಾಡ್ದೋನಲ್ಲ ಕಣ್ಲಾ. ನಿನ್ಗೆ ಅಷ್ಟೊಂದು ಸಿಕ್ಕು ಎಲ್ಲಿಂದ ಬತ್ತಿತ್ತು ಅಂದ್ಕಂಡಿದ್ದೆ?"

ಮೂವತ್ತು ವರ್ಷ ಅಪ್ಪನ ಕೈಗೆಲಸದ ಮೇಲೆ ಹೊರಿಸಿದ್ದ ಅಪವಾದವನ್ನು ಅಂದೇ ಹಿಂದಕ್ಕೆ ತೆಗೆದುಕೊಂಡೆ. ಅವ್ವನ ಕೈಯಲ್ಲಿ ಅಷ್ಟು ಒಳ್ಳೆಯ ನೂಲು ಸಿಕ್ಕಾಗುತ್ತಿದ್ದರೂ ಅವನು ನಮ್ಮ ಮೇಲೆ ಒಮ್ಮೆಯಾದರೂ ರೇಗಿದ್ದು ನನಗೆ ನೆನಪಿಲ್ಲ. ಬಹುಶಃ ಅವನ ಮಡಿಲಿಗೂ ಅವ್ವ ಒಂದು ಹಿಡಿ ಹಾಕಿರಬೇಕು.